ಮುದುಕನ ಭುಜದ ಗೆರೆ

ಅಳತೆಯಲ್ಲಿ ನಾನು ಎಡವುವವಳಲ್ಲ. ಟೇಲರ್ ಆಗಿ ಹನ್ನೆರಡು ವರ್ಷ, ನಾನು ಹೊಲಿದ ಒಂದೇ ಒಂದು ಬಟ್ಟೆ ವಾಪಸ್ ಬಂದಿಲ್ಲ. ಆ ಜಂಬವೇ ನನ್ನ ಮಾನ ಕಳೆಯಿತು.

ಮನೆಯಲ್ಲಿ ನಾನು ಮತ್ತು ನನ್ನ ನಾಯಿ, ಇಬ್ಬರೇ. ಮರಿಯಾಗಿದ್ದಾಗಲೇ ಮುಖ ಗಂಟಿಕ್ಕಿಕೊಂಡು ಕೂರುತ್ತಿದ್ದುದರಿಂದ ಅವನಿಗೆ ಮುದುಕ ಅಂತ ಹೆಸರು. ಈಗ ನಿಜಕ್ಕೂ ಮುದುಕ. ಭುಜದಲ್ಲಿದ್ದ ಕ್ಯಾನ್ಸರ್ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದರೂ ಬೇರು ಉಳಿದಿದೆ, ರೇಡಿಯೇಷನ್ ಕೊಡಬೇಕು ಎಂದರು ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮ. ಶನಿವಾರ, ಭಾನುವಾರ ಬಿಟ್ಟು ಹದಿನೆಂಟು ದಿನ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆತಂದು, ಅರಿವಳಿಕೆ ಕೊಟ್ಟು, ಯಂತ್ರದ ಕೆಳಗೆ ಮಲಗಿಸಬೇಕು.

ಮಲಗಿಸುವವನು ಅವನು. ಟೆಕ್ನಿಷಿಯನ್. ಮೊದಲ ದಿನ, ಕೂದಲು ಬೋಳಿಸಿದ ಭುಜದ ಮೇಲೆ ನೇರಳೆ ಮಾರ್ಕರ್‌ನಿಂದ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದ.

"ಈ ಗೆರೆ ನೋಡ್ಕೊಂಡೇ ಕಿರಣ ಬಿಡೋದು. ಮುಗಿಯೋವರೆಗೂ ನೀರು ತಾಗಿಸ್ಬೇಡಿ."

"ಗೆರೆ ಸ್ವಲ್ಪ ಸೊಟ್ಟಗಿದೆ," ಎಂದೆ.

ಆಗ ತಲೆಯೆತ್ತಿ ನೋಡಿದ. "ನೀವೇನು ಇಂಜಿನಿಯರಾ?"

"ಟೇಲರ್."

"ಅಯ್ಯೋ! ಹದಿನೆಂಟು ದಿನ ನನ್ನ ಗತಿ ಮುಗೀತು."

ಅಲ್ಲಿಂದ ಶುರು. ಮಾಸಿದ ಗೆರೆಗೆ ಅವನು ಪ್ರತಿ ಶುಕ್ರವಾರ ಮತ್ತೆ ಬಣ್ಣ ಕೊಡುವಾಗ ನಾನು ಕತ್ತು ವಾಲಿಸಿ, ಒಂದು ಕಣ್ಣು ಮುಚ್ಚಿ ಪರೀಕ್ಷೆ ಮಾಡುತ್ತಿದ್ದೆ. ಅವನು ಮಾರ್ಕರ್ ಎತ್ತಿ ಹಿಡಿದು ನನ್ನ ಅಪ್ಪಣೆಗೆ ಕಾಯುವವನಂತೆ ನಟಿಸುತ್ತಿದ್ದ. ಎಚ್ಚರವಾಗುವ ಮುದುಕನನ್ನು ತೊಡೆಯ ಮೇಲೆ ಹಾಕಿಕೊಂಡು, "ಏಳು ತಾತ, ನಿಮ್ಮಮ್ಮ ಬೈತಾಳೆ," ಎನ್ನುತ್ತಿದ್ದ. ಆ ದನಿ ಕೇಳಲು ನಾನು ಬಾಗಿಲಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದೆ. ಎರಡನೇ ಶುಕ್ರವಾರ ಅವನೇ ಕೇಳಿದ: "ಸೋಮವಾರ ಡ್ಯೂಟಿ ಮುಗಿದ ಮೇಲೆ ಟೀ ಕುಡಿಯೋಣ್ವಾ? ಮುದುಕನೂ ಬರ್ಲಿ."

ಭಾನುವಾರ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊಸ ಕುರ್ತಾ ಹೊಲಿದೆ. ಮುದುಕನ ಮೈ ಆಸ್ಪತ್ರೆಯ ವಾಸನೆ ಹೊಡೆಯುತ್ತಿತ್ತು. ಭುಜಕ್ಕೆ ಪ್ಲಾಸ್ಟಿಕ್ ಸುತ್ತಿ ಉಳಿದ ಮೈಗೆ ಸ್ನಾನ ಮಾಡಿಸೋಣ ಎಂದುಕೊಂಡೆ. ಮುದುಕ ಮೈ ಕೊಡವಿದ ರಭಸಕ್ಕೆ ಪ್ಲಾಸ್ಟಿಕ್ ಕಿತ್ತು ಬಂತು. ಸೋಪಿನ ನೊರೆಯ ಜೊತೆ ನೇರಳೆ ಬಣ್ಣ ಬಚ್ಚಲಿಗೆ ಹರಿದುಹೋಯಿತು.

ಆಸ್ಪತ್ರೆಗೆ ಫೋನ್ ಮಾಡಬೇಕಿತ್ತು. ಮಾಡಿದರೆ ಯಾಕೆ ಸ್ನಾನ ಮಾಡಿಸಿದಿರಿ ಎಂದು ಕೇಳುತ್ತಾರಲ್ಲ! ಮೊಬೈಲಿನಲ್ಲಿ ಗೆರೆಯ ಫೋಟೋ ಇತ್ತು, ಅಂಗಡಿಯಲ್ಲಿ ಟೇಪು, ಮಾರ್ಕರ್ ಇದ್ದವು. ಮುದುಕನನ್ನು ನಿಲ್ಲಿಸಿ, ಅಳೆದು, ನಾನೇ ಗೆರೆ ಎಳೆದೆ. ಟೆಕ್ನಿಷಿಯನ್ ಎಳೆದದ್ದಕ್ಕಿಂತ ನೇರವಾಗಿ ಬಂತು. ಖುಷಿಯೂ ಆಯಿತು, ಸುಳ್ಳೇಕೆ.

ಸೋಮವಾರ ಅವನು, "ಗೆರೆ ಹಾಗೇ ಇದೆ ತಾನೆ?" ಎಂದ.

"ಹಾಗೇ ಇದೆ," ಎಂದೆ. ಮುಖಕ್ಕೆ ಮುಖ ಕೊಟ್ಟು ಹೇಳಿದೆ.

ಸಂಜೆ ಟೀ ಲೋಟ ಹಿಡಿದು ತಲೆ ತಗ್ಗಿಸಿಯೇ ಕೂತಿದ್ದೆ. ನಾನು ನಾಚಿಕೊಂಡಿದ್ದೇನೆ ಎಂದುಕೊಂಡು ಅವನು ಪಾಪ, ನಗಿಸಲು ನೋಡಿದ.

ಮಂಗಳವಾರ ಗುರಿ ಸರಿಯಿದೆಯೇ ಎಂದು ನೋಡುವ ಎಕ್ಸ್‌ರೇ ಇತ್ತು. ಹೊರಗಿನ ಬೆಂಚಿಗೆ ಡಾಕ್ಟರಮ್ಮನ ದನಿ ಕೇಳಿಸಿತು. "ಒಂದು ಬೆರಳಿನಷ್ಟು ಪಕ್ಕಕ್ಕೆ ಹೋಗಿದೆ. ನಿನ್ನೆಯ ಡೋಸ್ ಎಲ್ಲಿಗೆ ಬಿತ್ತು ಗೊತ್ತಾ? ಇದೇನಾ ನಿನ್ನ ಕೆಲಸ?"

ತೆರೆದ ಬಾಗಿಲಿನಿಂದ ಅವನ ಬೆನ್ನು ಕಾಣುತ್ತಿತ್ತು. "ಶುಕ್ರವಾರ ನಾನೇ ಅವಸರ ಮಾಡಿರ್ಬೇಕು ಮೇಡಂ," ಎಂದ. ಆಮೇಲೆ ಬಗ್ಗಿ, ಇನ್ನೂ ಮಂಪರಿನಲ್ಲಿದ್ದ ಮುದುಕನ ಹಣೆ ಸವರಿ ಮೆಲ್ಲಗೆ, "ತಪ್ಪಾಯ್ತು ತಾತ," ಎಂದ.

ನನ್ನ ನಾಯಿಯ ಹತ್ತಿರ, ನನ್ನ ತಪ್ಪಿಗೆ, ಅವನು ಕ್ಷಮೆ ಕೇಳುತ್ತಿದ್ದ. ಆ ಕ್ಷಣ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಎದ್ದು ಒಳಗೆ ಹೋದೆ.

"ಗೆರೆ ಅವರದ್ದಲ್ಲ. ನಂದು. ಸ್ನಾನ ಮಾಡಿಸ್ದೆ, ಅಳಿಸಿಹೋಯ್ತು. ನಾನೇ ಎಳೆದು ಸುಳ್ಳು ಹೇಳ್ದೆ."

ಡಾಕ್ಟರಮ್ಮ ಕನ್ನಡಕ ತೆಗೆದರು. "ನಿಲ್ಲಿಸಿ ಅಳೆದ್ರಾ?"

"ಹೌದು."

"ಇಲ್ಲಿ ಮಲಗಿಸಿ, ಕಾಲು ಮುಂದಕ್ಕೆಳೆದು ಕಿರಣ ಕೊಡ್ತೀವಿ. ಚರ್ಮ ಜರುಗಲ್ವೇನಮ್ಮಾ?"

ಕೈ ಎತ್ತಿದರೆ ಅಂಗಿಯ ತೋಳು ಎಷ್ಟು ಮೇಲೆ ಹೋಗುತ್ತದೆಂದು ಹನ್ನೆರಡು ವರ್ಷ ಲೆಕ್ಕ ಹಾಕಿ ಹೊಲಿದವಳು ನಾನು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಅಷ್ಟು ಹೇಳಿದ್ರೂ ಯಾಕೆ ಸ್ನಾನ ಮಾಡಿಸಿದ್ರಿ?"

"ಸಂಜೆ ಇವರ ಜೊತೆ ಟೀಗೆ ಹೋಗೋದಿತ್ತು," ಎಂದೆ. "ಇವರು ಅಂದ್ರೆ ನಂಗಿಷ್ಟ. ಅದಕ್ಕೇ ಚೆನ್ನಾಗಿ ಕಾಣ್ಬೇಕು ಅಂತ."

ಅವನು ಹೊಸ ಗೆರೆ ಎಳೆಯಲು ಮಾರ್ಕರ್ ಹುಡುಕತೊಡಗಿದ. ಅದು ಅವನ ಜೇಬಿನಲ್ಲೇ ಇತ್ತು.

ಒಂದು ದಿನದ ತಪ್ಪನ್ನು ಸರಿದೂಗಿಸಬಹುದು ಎಂದರು ಡಾಕ್ಟರಮ್ಮ. ನನ್ನ ಮುಖ ಸರಿದೂಗಿಸುವುದು ಹೇಗೆ? ಆಮೇಲಿನ ಆರು ದಿನ ಅವನು ಕೇಳಿದ್ದು ಎರಡೇ ಮಾತು. "ಹೊಟ್ಟೆ ಖಾಲಿ ಇದ್ಯಾ? ಗೆರೆ ಇದ್ಯಾ?" ನಾನು ಅವನ ಚಪ್ಪಲಿ ನೋಡುತ್ತಾ, "ನೀವೇ ನೋಡಿ," ಎನ್ನುತ್ತಿದ್ದೆ. ತಪ್ಪಾದ ಜಾಗದಲ್ಲಿ ಮುದುಕನ ಚರ್ಮ ಕೆಂಪಾಗಿತ್ತು. ದಿನಾ ಅಲ್ಲಿಗೆ ಮುಲಾಮು ಹಚ್ಚುವಾಗ ಅಳುತ್ತಿದ್ದೆ.

ಹದಿನೆಂಟನೇ ದಿನ ಅವನು ಮುದುಕನನ್ನು ಎತ್ತಿಕೊಂಡು ಗೇಟಿನವರೆಗೂ ಬಂದ.

"ಮೂರು ದಿನ ಸಿಟ್ಟಿತ್ತು," ಎಂದ. "ಆಮೇಲೆ ನಿಮ್ಮ ಮುಖ ನೋಡೋಕೆ ನನಗೇ ಧೈರ್ಯ ಬರ್ಲಿಲ್ಲ."

"ನಿಮಗ್ಯಾಕೆ?"

"ನನ್ನ ಮಾರ್ಕರ್ ನೇರಳೆ. ನಿಮ್ಮದು ನೀಲಿ. ಕುರುಡನಿಗೂ ಕಾಣೋ ಹಾಗಿತ್ತು. ಸೋಮವಾರ ನಾನು ಗೆರೆಗೆ ಕಿರಣ ಹೊಂದಿಸ್ದೆ ಅಷ್ಟೇ, ಅದರ ಬಣ್ಣ ನೋಡ್ಲೇ ಇಲ್ಲ. ಹೊಸ ಕುರ್ತಾ ಹಾಕ್ಕೊಂಡು ಬಂದಿದ್ರಲ್ಲ, ನಿಮ್ಮನ್ನೇ ನೋಡ್ತಿದ್ದೆ. ಡಾಕ್ಟರ್ ಹತ್ರ ಅವತ್ತೇ ಒಪ್ಕೊಂಡೆ. ನಿಮ್ಮ ಹತ್ರ ಹೇಳೋಕೆ ಇಷ್ಟು ದಿನ ಬೇಕಾಯ್ತು."

ಮುದುಕ ನಮ್ಮಿಬ್ಬರ ಮಧ್ಯೆ ಮಂಪರಿನಲ್ಲೇ ಒಮ್ಮೆ ನಿಟ್ಟುಸಿರು ಬಿಟ್ಟ.

"ಮೂರು ವಾರ ಬಿಟ್ಟು ಸ್ನಾನ ಮಾಡಿಸ್ಬಹುದು. ಅವತ್ತು ನನ್ನನ್ನೂ ಕರೀರಿ."

ಕರೆದೆ. ಗಡ್ಡೆ ಮರಳಿ ಬರುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಮೂರು ತಿಂಗಳು ಕಾಯಬೇಕು. ಅಂದು ನಾನು ನೀರು ಸುರಿದೆ, ಅವನು ಭುಜ ಉಜ್ಜಿದ. ಉಳಿದಿದ್ದ ಚೂರುಪಾರು ನೇರಳೆ ಬಣ್ಣ ಅವನ ಬೆರಳಿಗೆ ಅಂಟಿತು. ಮುದುಕ ಮೈ ಕೊಡವಿ ಅವನ ಶರ್ಟನ್ನು ತೊಪ್ಪೆ ಮಾಡಿದ.

"ಅಳತೆ ಕೊಡಿ," ಎಂದೆ. "ಹೊಸದು ಹೊಲಿದು ಕೊಡ್ತೀನಿ."

ಅವನು ಟೇಪು ತಂದು ನನ್ನ ಕೈಗಿಟ್ಟು, ಸಾಚಾ ಮುಖ ಮಾಡಿಕೊಂಡು ಕೇಳಿದ:

"ನಿಂತು ಕೊಡ್ಲಾ, ಮಲಗಿ ಕೊಡ್ಲಾ?"

ಮುಖ ಮುಚ್ಚಿಕೊಳ್ಳಲು ಬೇರೇನೂ ಸಿಗದೆ ಅವನ ಒದ್ದೆ ಭುಜಕ್ಕೇ ಮುಖ ಒತ್ತಿದೆ.