ಮೆಲಾತಿ ಅಂಗಾತ ಬಿದ್ದಾಗ

ಇನ್ನೊಂದು ತಲೆ ಚಿವುಟಿದೆ. ಯಾರೂ ಚೀರಲಿಲ್ಲ.

ಸೋಲೋ ಊರಿನ ಹಕ್ಕಿ ಸಂತೆಯ ಮೂಲೆಯಲ್ಲಿ ನನ್ನ ಅಂಗಡಿ. ಹುಳು ಮಾರುವುದು, ಜೇಡಮರಿ ಸಾಕುವುದು ನನ್ನ ಕಸುಬು. ಸಾಸಿವೆ ಗಾತ್ರದ ಜೇಡಮರಿಗೆ ಇಡೀ ಜೀರುಂಡೆ ಕೊಟ್ಟರೆ ಊಟವೇ ಮರಿಯನ್ನು ತಿಂದುಬಿಡುತ್ತದೆ. ಅದಕ್ಕೇ ತಲೆ ಚಿವುಟಿ, ತೊಡೆ ಮುರಿದು, ಡಬ್ಬಿಗೊಂದು ತುಂಡು ಹಾಕುತ್ತಿದ್ದೆ.

ಮಾತಿಲ್ಲದ ಕೆಲಸ. ನನಗೆ ಅದೇ ಸರಿ.

ಧಡ್!

ಒಂದು ಸ್ಕೂಟರ್ ನನ್ನ ಹಲಗೆಗೆ ಗುದ್ದಿ ನಿಂತಿತು. ಮೇಲೆ ಪಾಕ್ ಗಿಯಾರ್ತೋ; ನಮ್ಮೂರಲ್ಲಿ ದೊಡ್ಡ ಗಂಡಸರಿಗೆ ‘ಪಾಕ್’, ಹೆಂಗಸರಿಗೆ ‘ಬು’ ಅನ್ನುತ್ತೇವೆ. ಹಳೇ ಗಿರಾಕಿ. ಅವರ ಹಕ್ಕಿ 'ಜನರಲ್' ಹಾಡಿನ ಸ್ಪರ್ಧೆಗಳಲ್ಲಿ ಕಪ್ ಗೆದ್ದ ಭೂಪ.

“ತಿನುಕ್, ಮಗಳೇ, ಸ್ಕೂಟರ್ ಹತ್ತು! ಮೆಲಾತಿ ಅಂಗಾತ ಬಿದ್ದಿದಾಳೆ!”

ಮೆಲಾತಿ ಅವರ ಹೆಂಡತಿಯ ಟರಂಟುಲಾ ಜೇಡ. ಅಂಗೈ ಅಗಲ. ಹೆಂಡತಿ ಬು ಸುಪಾರ್ತಿ ನೆಂಟರ ಮದುವೆಗೆ ಹೋಗುವಾಗ ಅವಳನ್ನು ಗಂಡನ ಕೈಗೆ ಒಪ್ಪಿಸಿದ್ದರು. ದೊಡ್ಡ ತಪ್ಪು!

“ಬು ಯಾವಾಗ ಬರ್ತಾರೆ?”

“ಬಸ್ ಇಳಿದಾಯ್ತಂತೆ! ಜೇಡ ಸತ್ತಿದ್ರೆ ನಾನೂ ಸತ್ತೆ!”

ಹತ್ತಿದೆ. ಸ್ಕೂಟರ್ ಗಲ್ಲಿಗೆ ನುಗ್ಗಿತು. ಒಂದು ಕೋಳಿ ಹಾರಿತು. ಸೂಪಿನ ಗಾಡಿಯವನು ಸೌಟು ಎತ್ತಿಕೊಂಡು ಅಟ್ಟಿಸಿಕೊಂಡು ಬಂದ.

“ಏನು ತಿನ್ನಿಸಿದ್ರಿ ಪಾಕ್?”

“ನಿನ್ನೆ ಬೆಳಿಗ್ಗೆ ಐದು ಜೀರುಂಡೆ, ಸಂಜೆ ಐದು. ಸ್ಪರ್ಧೆಗೆ ಮುಂಚೆ ಜನರಲ್‌ಗೆ ಹಾಕೋ ಲೆಕ್ಕ.”

“ಅವಳೇನು ಹಾಡಬೇಕಿತ್ತಾ?”

“ಮಂಕಾಗಿದ್ಲು ಕಣಮ್ಮ! ಒಂದನ್ನೂ ಮುಟ್ಲಿಲ್ಲ. ಹಕ್ಕಿ ಮಂಕಾದ್ರೆ ಜಾಸ್ತಿ ಹಾಕಲ್ವಾ?”

ನಾನು ಕಣ್ಣು ಮುಚ್ಚಿಕೊಂಡೆ. ಸ್ವಲ್ಪ ಸ್ಕೂಟರಿನ ಭಯಕ್ಕೆ... ಹೆಚ್ಚಾಗಿ ಆ ಜೀರುಂಡೆಗಳ ಭಯಕ್ಕೆ.

ಮನೆಯಲ್ಲಿ ಗಾಜಿನ ಪೆಟ್ಟಿಗೆ. ಹಕ್ಕಿ ಪಂಜರದಂತೆ ಅದಕ್ಕೂ ಹೂವಿನ ಬಟ್ಟೆ ಹೊದಿಸಿದ್ದರು! ಎತ್ತಿ ನೋಡಿದೆ. ಮೆಲಾತಿ ಬೆನ್ನ ಮೇಲೆ ಮಲಗಿದ್ದಳು. ಕಾಲೊಂದು ನಿಧಾನಕ್ಕೆ ಮಿಸುಕಿತು.

“ಸತ್ತಿಲ್ಲ. ಪೊರೆ ಬಿಡ್ತಿದಾಳೆ.”

“ಅಬ್ಬಾ! ಹಾಗಾದ್ರೆ ಬಚಾವ್!”

“ಎಲ್ಲಿ ಬಚಾವ್? ಅವಳ ಮೈ ಈಗ ಬೆಣ್ಣೆ. ಸುತ್ತ ಹತ್ತು ಜನ ಹಸಿದವರು. ಈಗ ಯಾರು ಯಾರಿಗೆ ಊಟ, ನೀವೇ ಹೇಳಿ.”

ಪಾಕ್ ತಲೆ ಮೇಲೆ ಕೈ ಹೊತ್ತರು. ಕುಕ್ಕರುಬಡಿದರು.

ಜೀರುಂಡೆಗಳು ಹತ್ತಿರ ಬರುತ್ತಿದ್ದವು. ಮೀಸೆ ಆಡಿಸುತ್ತಾ... ಪುಂಡರ ಹಾಗೆ. ಪೆಟ್ಟಿಗೆ ಅಲುಗಿಸುವಂತಿಲ್ಲ. ಅವಳನ್ನು ಮುಟ್ಟುವಂತಿಲ್ಲ. ಮುಚ್ಚಳ ಸರಿಸಿದೆ. ಉದ್ದನೆಯ ಚಿಮಟ ಇಳಿಸಿದೆ.

ಒಂದನ್ನು ಎತ್ತಿದೆ. ಜಾಡಿಗೆ ಹಾಕಿದೆ. ಇನ್ನೊಂದು. ಮತ್ತೊಂದು. ಬೆವರು ಮೂಗಿನ ತುದಿಗೆ ಬಂತು. ಕೊನೆಯವನು ದಡಿಯ. ಮೆಲಾತಿಯ ಹೊಟ್ಟೆಯ ಮೇಲೆ ಮೀಸೆ ಇಟ್ಟು ನನ್ನನ್ನೇ ನೋಡಿದ.

“ಕಚ್ಚಿ ನೋಡು,” ಎಂದೆ ಮೆಲ್ಲಗೆ.

ಚಿಮಟ ಬೀಸಿದೆ. ಅವನು ಚಿಮ್ಮಿದ! ಪೆಟ್ಟಿಗೆಯಿಂದಲೇ ಹೊರಗೆ!

“ಜನರಲ್ ಹಿಡೀತಾನೆ!” ಎಂದು ಪಾಕ್ ಪಂಜರದ ಬಾಗಿಲು ತೆಗೆದರು.

“ಬೇಡಾ!”

ತಡವಾಗಿತ್ತು. ಜನರಲ್ ಕೋಣೆಯನ್ನೊಂದು ಸುತ್ತು ಹಾಕಿದ. ಅವನಿಗೆ ಜೀರುಂಡೆ ಕಾಣಲಿಲ್ಲ. ಕಂಡದ್ದು ತೆರೆದ ಪೆಟ್ಟಿಗೆ. ಒಳಗೆ ಮೆತ್ತಗಿನ, ಬಿಳಿಚಿದ, ಓಡಲಾರದ ಔತಣ!

ನಾನು ಪೆಟ್ಟಿಗೆಯ ಮೇಲೆ ಅಡ್ಡ ಬಿದ್ದೆ. ಜನರಲ್ ನನ್ನ ತಲೆಯ ಮೇಲೆ ಇಳಿದ. ಕುಕ್ಕಿದ. ಕೂದಲು ಜಗ್ಗಿದ. ಮತ್ತೆ ಕುಕ್ಕಿದ!

“ಪಾಕ್, ಹಿಡೀರಿ!”

“ಅಲ್ಲಾಡ್ಬೇಡ ಮಗಳೇ... ಆ ದಡಿಯ ನಿನ್ನ ಜಡೆಯೊಳಗೇ ಇದಾನೆ!”

ಕಟಕ್. ದಡಿಯನ ಕತೆ ಮುಗಿಯಿತು. ಜನರಲ್ ತೃಪ್ತಿಯಿಂದ ನನ್ನ ಭುಜದ ಮೇಲೆ ಹಿಕ್ಕೆ ಹಾಕಿದ. ಪಾಕ್ ಅವನನ್ನು ಬಾಚಿ ಪಂಜರಕ್ಕೆ ನೂಕಿದರು.

ಬಾಗಿಲಲ್ಲಿ ಬು ಸುಪಾರ್ತಿ ನಿಂತಿದ್ದರು. ಕೈಯಲ್ಲಿ ಮದುವೆಮನೆಯ ಊಟದ ಪೊಟ್ಟಣ. ಜಾಡಿಯ ಜೀರುಂಡೆಗಳನ್ನು ನೋಡಿದರು. ನನ್ನ ತಲೆ ನೋಡಿದರು. ಗಂಡನನ್ನು ನೋಡಿದರು.

“ನೀರು ಮಾತ್ರ ಇಡಿ ಅಂದಿದ್ನಲ್ಲ, ಪಾಕ್?”

“ಪಾಪ, ಹಸಿದಿರ್ತಾಳೆ ಅಂತ...”

ಅಷ್ಟರಲ್ಲಿ ಮೆಲಾತಿ ಕೊನೆಯ ಕಾಲನ್ನೂ ಎಳೆದುಕೊಂಡಳು. ಹಳೇ ಚರ್ಮ ಪಕ್ಕಕ್ಕೆ ಬಿತ್ತು. ಹೊಸ ಕಾಲುಗಳು ಒಂದೊಂದಾಗಿ ಚಾಚಿದವು. ಬು ನೆಲಕ್ಕೆ ಕೂತು ಗಾಜಿಗೆ ಹಣೆ ಒತ್ತಿದರು.

“ನನ್ನ ಚಿನ್ನ... ಹಲ್ಲು ಗಟ್ಟಿಯಾಗೋ ತನಕ ಏನೂ ತಿನ್ನಬೇಡ, ಆಯ್ತಾ?”

ಮಧ್ಯಾಹ್ನ ಮೀರಿತ್ತು. ಪಾಕ್ ಗಂಟಲು ಸರಿಮಾಡಿಕೊಂಡರು.

“ಆ ಪೊಟ್ಟಣ ಸ್ವಲ್ಪ ಈ ಕಡೆ ಕೊಡ್ತೀಯಾ?”

ಬು ಪಾಕ್ ಮುಂದೆ ನೀರು ಮಾತ್ರ ಇಟ್ಟರು.