ಹನ್ನೊಂದು ಟೊಳ್ಳು ಚುಕ್ಕಿ

ಚಾರ್ಟಿನ ಚುಕ್ಕಿಯ ಮೇಲೆ ಕ್ಲಿಕ್ ಮಾಡಿದರೆ ಫೋಟೋ ತೆರೆಯಬೇಕು. ಸೈಮಾ ಕ್ಲಿಕ್ ಮಾಡಿದಳು, ಏನೂ ಆಗಲಿಲ್ಲ. ಇನ್ನೊಂದಕ್ಕೆ ಮಾಡಿದಳು, ಅದೂ ಮಿಸುಕಲಿಲ್ಲ. ನಿನ್ನೆ ಸಂಜೆ ರಮಜಾನನ ಕಂಪ್ಯೂಟರಿನಲ್ಲಿ ಇವೇ ಚುಕ್ಕಿಗಳು ಪಟಪಟ ತೆರೆದುಕೊಂಡಿದ್ದವಲ್ಲ! ಅವನಿಗೆ ತೆರೆಯುವುದು ನನಗ್ಯಾಕೆ ತೆರೆಯಬಾರದು?

ಪವಾಯಿಯ ಆ ಸಣ್ಣ ಆಫೀಸಿನ ಕೆಲಸ ಹಳೇ ಬಿಲ್ಡಿಂಗ್‌ಗಳ ಬಿರುಕು ಅಳೆಯುವುದು. ಸೈಮಾ ಸೈಟಿಗೆ ಹೋಗಿ ಪ್ರತಿ ಬಿರುಕಿನ ಪಕ್ಕ ಅಳತೆಯ ಕಾರ್ಡ್ ಹಿಡಿದು ಫೋಟೋ ತೆಗೆಯುತ್ತಾಳೆ. ಆ ಫೋಟೋಗಳಿಂದ ಬಿರುಕಿನ ಅಗಲ ಲೆಕ್ಕ ಹಾಕಿ ಚಾರ್ಟ್ ಮಾಡುವವನು ರಮಜಾನ. ಒಂದು ಫೋಟೋಗೆ ಒಂದು ಚುಕ್ಕಿ. ಇವತ್ತು ನಾಲ್ಕಕ್ಕೆ ಘಾಟ್ಕೋಪರ್‌ನ ಹೌಸಿಂಗ್ ಸೊಸೈಟಿಯ ಕಮಿಟಿಗೆ ಆರು ತಿಂಗಳ ಚಾರ್ಟ್ ತೋರಿಸಬೇಕು. ರಿಪೋರ್ಟಿನ ಮೇಲೆ ಮೊದಲ ಸಲ ಸೈಮಾಳ ಹೆಸರು ಬಂದಿದೆ.

ಸಂಶಯ ಅವಳ ಹುಟ್ಟುಗುಣ ಅಲ್ಲ ಬಿಡಿ. ಹಿಂದಿನ ಕಂಪನಿಯಲ್ಲಿ ನಗುನಗುತ್ತಾ ಚಹಾ ಕುಡಿಸಿದವನೇ ಅವಳ ರಿಪೋರ್ಟನ್ನು ತನ್ನ ಹೆಸರಿಗೆ ಮಾಡಿಕೊಂಡಿದ್ದ. ಅವತ್ತಿನಿಂದ ಯಾರಾದರೂ ನಕ್ಕರೆ ಸಾಕು, ಇವನಿಗೆ ಏನು ಬೇಕಾಗಿದೆ ಅಂತ ನೋಡುತ್ತಾಳೆ. ರಮಜಾನ ಅಂತೂ ದಿನಾ ನಗುತ್ತಿದ್ದ. ಅವಳ ಊರು ಇಂಡಿ, ಅವನದು ಸಿಂದಗಿ. ಆಫೀಸಿನಲ್ಲಿ ಕನ್ನಡ ಬರುವವರು ಇವರಿಬ್ಬರೇ. ಆ ನಗುವಿಗೆ ತನ್ನ ಎದೆ ಡವಗುಟ್ಟುತ್ತದೆ ಅನ್ನುವುದೇ ಅವಳಿಗೆ ದೊಡ್ಡ ಸಿಟ್ಟು.

ಇನ್ನೂ ಒಂದಿತ್ತು. ಜೂನ್ ತಿಂಗಳ ಸಾಲಿನಲ್ಲಿ ಹನ್ನೊಂದು ಚುಕ್ಕಿ ಬೇರೆ ಥರ ಕಾಣುತ್ತಿದ್ದವು, ಒಳಗೆ ಬಣ್ಣವಿಲ್ಲದೆ, ಬರೀ ಟೊಳ್ಳು. ಆ ಹನ್ನೊಂದು ಯಾವುವು ಅಂತ ಸೈಮಾಗೆ ನೋಡಿದ್ದೇ ಗೊತ್ತಾಯಿತು. ಜೂನಿನಲ್ಲಿ ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಅವಳ ಅಳತೆ ಕಾರ್ಡ್ ಕಳೆದುಹೋಗಿತ್ತು. ಹೊಸದು ಸಿಗುವವರೆಗೆ ಬಿರುಕಿನ ಪಕ್ಕ ತನ್ನ ತೋರುಬೆರಳಿಟ್ಟು ಹನ್ನೊಂದು ಫೋಟೋ ತೆಗೆದು, ಯಾರಿಗೂ ಹೇಳದೆ ಸುಮ್ಮನಾಗಿದ್ದಳು. ಸ್ಕೇಲೇ ಇಲ್ಲದ ಫೋಟೋಗೆ ಮಿಲಿಮೀಟರ್ ಎಲ್ಲಿಂದ ಬಂತು? ಇವನೇ ಕೂತು ಬರೆದಿದ್ದಾನೆ. ಸುಳ್ಳು ಗೊತ್ತಾಗಬಾರದು ಅಂತ ಫೋಟೋನೂ ಮುಚ್ಚಿಟ್ಟಿದ್ದಾನೆ. ಸಿಕ್ಕಿಬಿದ್ದರೆ ಮೇಲಿರುವ ಹೆಸರು ನನ್ನದು!

ಮೌಸನ್ನು ಚುಕ್ಕಿಯ ಮೇಲೆ ತಂದು ನಿಲ್ಲಿಸಿದಳು. ಬ್ರೌಸರಿನ ಕೆಳಮೂಲೆಯಲ್ಲಿ ಫೈಲಿನ ಅಡ್ರೆಸ್ ಸಣ್ಣಗೆ ಮೂಡಿತು. ಮೊದಲು ರಮಜಾನನ ಹೆಸರು, ಆಮೇಲೆ ಡೆಸ್ಕ್‌ಟಾಪ್, ಅದರೊಳಗೆ ಒಂದು ಫೋಲ್ಡರ್. ಫೋಲ್ಡರಿನ ಹೆಸರು ಸೈಮಾ.

ಎದ್ದು ನೆಟ್ಟಗೆ ಅವನ ಟೇಬಲ್ಲಿಗೆ ಹೋದಳು.

"ಏನ್ ನಡಸೀರಿ ನೀವು?"

"ಯಾಕ್ರೀ, ಏನಾತು?"

"ಒಂದು ಚುಕ್ಕೀನೂ ತೆರೀವಲ್ದು. ಅಡ್ರೆಸ್‌ನಾಗ ನನ್ನ ಹೆಸರು ಯಾಕ ಐತಿ?"

ರಮಜಾನನ ಕಿವಿ ಕೆಂಪಗಾದವು. ಆಚೆ ಕ್ಯಾಬಿನ್ನಿನಿಂದ ಬಾಸ್ ಹಿತೇಶ್ ತಲೆ ಎತ್ತಿ ನೋಡಿದ. ಕನ್ನಡ ತಿಳಿಯದ ಕಾರಣ ಮತ್ತೆ ತಲೆ ತಗ್ಗಿಸಿದ.

"ಮೊದಲು ತೆರೀವಲ್ದು ಯಾಕಂತ ಹೇಳತೀನಿ," ಅಂದ ರಮಜಾನ. "ನಾನು ಚಾರ್ಟ್ ನನ್ನ ಕಂಪ್ಯೂಟರಿನಾಗ ತೆಗೆದು ನೋಡಿದೆ. ಫೋಟೋನೂ ಇಲ್ಲೇ ಇದ್ವು, ತೆರೆದ್ವು. ನಿಮಗ ಆಫೀಸ್ ವೆಬ್‌ಸೈಟಿನ ಲಿಂಕ್ ಕಳಿಸಿದೆ. ವೆಬ್‌ನಿಂದ ಬಂದ ಪೇಜು ಕಂಪ್ಯೂಟರ್ ಒಳಗಿನ ಫೈಲ್ ತೆಗೀತೀನಿ ಅಂದ್ರ ಬ್ರೌಸರ್ ಬಿಡೂದಿಲ್ಲ. ಯಾರೋ ದಾರಿಹೋಕ ಬಂದು ನಿಮ್ಮ ಮನಿ ಕಪಾಟು ತೆಗೀತೀನಿ ಅಂದ್ರ ನೀವು ಬಿಡತೀರೇನು?"

"ಬಿಡೂದಿಲ್ಲ."

"ಹಂಗ ಅದೂ. ಎಲ್ಲಾರ ಮ್ಯಾಲೂ ಸಂಶಯ ಅದಕ್ಕ." ಓರೆಗಣ್ಣಿನಲ್ಲಿ ನೋಡಿದ. "ನಮ್ಮ ಆಫೀಸಿನಾಗ ಒಬ್ಬರು ಅದಾರ, ಥೇಟ್ ಹಂಗ."

ನಗು ಬಂತು. ಸೈಮಾ ಹಲ್ಲು ಕಚ್ಚಿ ತಡೆದಳು. "ಮಾತು ಮರೆಸಬ್ಯಾಡ್ರಿ. ಫೋಲ್ಡರ್ ತೆಗೀರಿ."

"ಈಗ ಬ್ಯಾಡ..."

"ತೆಗೀರಿ ಅಂದೆ."

ತೆಗೆದ. ಬಿರುಕುಗಳು, ಬರೀ ಬಿರುಕುಗಳು. ಎಲ್ಲಕ್ಕಿಂತ ಮೇಲೆ ಮಾತ್ರ ಒಂದು ಬೇರೆ ಫೋಟೋ: ಸ್ಟೀಲ್ ಸ್ಕೇಲಿನ ಮೇಲೆ ಇಟ್ಟ ಒಂದು ಬೆರಳು. ಸೈಮಾಗೆ ನೆನಪಾಯಿತು. ಜುಲೈನಲ್ಲಿ ಕ್ಯಾಂಟೀನಿನಲ್ಲಿ, "ಕ್ಯಾಮೆರಾ ಟೆಸ್ಟ್ ಐತ್ರಿ, ಇಲ್ಲಿ ಬೆರಳು ಇಡ್ರಿ" ಅಂತ ಇಡಿಸಿಕೊಂಡಿದ್ದ. ಅವತ್ತೂ ಇವಳಿಗೆ ಸಂಶಯವೇ.

"ಜೂನ್ ಫೋಟೋದಾಗ ಕಾರ್ಡ್ ಇರಲಿಲ್ಲ," ಅಂದ ಅವನು, ದನಿ ತಗ್ಗಿಸಿ. "ಆದ್ರ ಬೆರಳು ಇತ್ತು. ಬೆರಳಿನ ಅಗಲ ಗೊತ್ತಾದ್ರ ಬಿರುಕಿಂದೂ ಗೊತ್ತಾಗತೈತಿ. ನಿಮ್ಮ ಬೆರಳು ಹದಿನಾಲ್ಕು ಮಿಲಿಮೀಟರ್. ಅಂದಾಜಿನ ಅಳತಿ ಅಂತ ಆ ಚುಕ್ಕಿ ಟೊಳ್ಳು ಬಿಟ್ಟೆ, ಚಾರ್ಟಿನ ಕೆಳಗ ಬರದೂ ಇಟ್ಟೀನಿ. ನೀವು ಓದಿಲ್ಲ."

ಸೈಮಾ ಓದಿರಲಿಲ್ಲ.

"ನನಗ ಯಾಕ ಹೇಳಲಿಲ್ಲ?"

"ಕಾರ್ಡ್ ಕಳೆದೈತಿ ಅಂತ ನೀವು ಹೇಳಲಿಲ್ಲ. ನಾನಾಗೇ ಎತ್ತಿದ್ರ ನಿಮಗ ಅವಮಾನ ಆಗ್ತಿತ್ತು."

"ಮತ್ತ ಹೆಸರು?"

ಅವನು ಕೀಬೋರ್ಡ್ ನೋಡಿದ. "ಸೈಟಿನ ಹೆಸರು ಇಡಬೇಕಾಗಿತ್ತು. ಕೈ ಇದನ್ನ ಟೈಪ್ ಮಾಡ್ತು. ಬದಲಿಸೋಣ ಅಂತ ಆರು ತಿಂಗಳಿಂದ ಅನ್ಕೋತೀನಿ, ಮನಸ್ಸು ಬರವಲ್ದು."

ಕಳ್ಳ ಅಂತ ಹಿಡಿಯಲು ಬಂದವಳಿಗೆ ಈಗ ತನ್ನ ಮುಖ ಎಲ್ಲಿ ಇಟ್ಟುಕೊಳ್ಳುವುದು ಅಂತ ಗೊತ್ತಾಗದೆ, "ಮೊದಲು ಚುಕ್ಕಿ ತೆರೀರಿ" ಅಂತ ಸೈಮಾ ಗದರಿದಳು.

ಅವನು ಫೋಟೋಗಳನ್ನೆಲ್ಲ ವೆಬ್‌ಸೈಟಿನಲ್ಲಿ ಚಾರ್ಟಿನ ಪಕ್ಕಕ್ಕೇ ಹಾಕಿದ. ಉದ್ದದ ಅಡ್ರೆಸ್ ಅಳಿಸಿ ಬರೀ ಫೋಟೋ ಹೆಸರು ಉಳಿಸಿದ. "ಎರಡೂ ಒಂದೇ ಮನ್ಯಾಗ ಇದ್ರ ಬ್ರೌಸರ್‌ಗೆ ಸಂಶಯ ಇರೂದಿಲ್ಲ ನೋಡ್ರಿ," ಅಂದ.

"ಗೊತ್ತಾತು, ಕೆಲಸ ಮಾಡ್ರಿ," ಅಂದಳು. ಕೆನ್ನೆ ಬಿಸಿಯಾಗಿದ್ದು ಅವಳಿಗೇ ತಿಳಿಯಿತು.

ಘಾಟ್ಕೋಪರ್‌ಗೆ ಇಬ್ಬರೂ ಒಂದೇ ರಿಕ್ಷಾದಲ್ಲಿ ಹೋದರು. ಕಮಿಟಿಯ ಹಿರಿಯರೊಬ್ಬರು ಕನ್ನಡಕ ಏರಿಸಿ, ತಾವೇ ಮೌಸ್ ಹಿಡಿದು, ಸರಿಯಾಗಿ ಒಂದು ಟೊಳ್ಳು ಚುಕ್ಕಿಯನ್ನೇ ಒತ್ತಿದರು. ಫೋಟೋ ತೆರೆಯಿತು. ಗೋಡೆ, ಬಿರುಕು, ಬೆರಳು.

"ಯೆ ಉಂಗ್ಲಿ ಕಿಸ್ಕಿ ಹೈ?"

ರಮಜಾನ ಬಾಯಿ ತೆರೆಯುವ ಮೊದಲೇ ಸೈಮಾ ಎದ್ದು ನಿಂತಳು. ಬೆರಳು ನನ್ನದು, ಕಾರ್ಡ್ ಕಳೆದದ್ದು ನಾನು, ಮುಚ್ಚಿಟ್ಟಿದ್ದೂ ನಾನೇ. ಈ ಹನ್ನೊಂದನ್ನು ಬಿಟ್ಟು ಉಳಿದವನ್ನು ನೋಡಿ ಅಂತ ಹಿಂದಿಯಲ್ಲಿ ಹೇಳಿಬಿಟ್ಟಳು. ಹಿರಿಯರು ನೋಡಿದರು. ಉಳಿದ ಚುಕ್ಕಿಗಳೂ ತಿಂಗಳಿಂದ ತಿಂಗಳಿಗೆ ಮೇಲಕ್ಕೇ ಏರಿದ್ದವು, ಅಂದರೆ ಬಿರುಕು ಅಗಲವಾಗುತ್ತಲೇ ಇತ್ತು. ಸುಳ್ಳು ಹೇಳುವವಳು ಇದನ್ನು ಹೇಳುತ್ತಿರಲಿಲ್ಲ ಅಂದು, ಬಿರುಕು ಬಿಟ್ಟ ಬಿ ವಿಂಗಿನ ರಿಪೇರಿಗೆ ಸಹಿ ಹಾಕಿದರು.

ಮೆಟ್ಟಿಲು ಇಳಿಯುವಾಗ ಮೊದಲ ಮಹಡಿಯಲ್ಲಿ ಸೈಮಾ ನಿಂತುಬಿಟ್ಟಳು.

"ನಿಮ್ಮ ಮ್ಯಾಲೆ ಸಂಶಯ ಪಟ್ಟೆ. ತಪ್ಪಾತು."

"ಇರಲಿ ಬಿಡ್ರಿ. ನನ್ನ ಕಡೇನೂ ಒಂದು ಮುಚ್ಚಿಟ್ಟದ್ದು ಇತ್ತಲ್ಲ."

"ಅದನ್ನ ಈಗ ಬಾಯಿಬಿಟ್ಟು ಹೇಳ್ರಿ."

ಅವನು ಬ್ಯಾಗಿನ ಪಟ್ಟಿ ಹಿಡಿದು ಎಳೆದಾಡಿದ. "ನೀವಂದ್ರ ನನಗ ಭಾಳ ಇಷ್ಟ, ಸೈಮಾ. ಜೂನಿಗಿಂತ ಮೊದಲಿಂದ."

ಕೆಳಗೆ ಯಾರದೋ ಕುಕ್ಕರ್ ಸೀಟಿ ಹೊಡೆಯಿತು. ಸೈಮಾ ತನ್ನ ತೋರುಬೆರಳು ಎತ್ತಿ ಅವನ ಮುಖದ ಮುಂದೆ ಹಿಡಿದಳು.

"ನಿನ್ನ ಹತ್ರ ಇರೂದು ಇದರ ಅಳತಿ," ಅಂದಳು. 'ನೀವು' ಯಾವಾಗ 'ನೀನು' ಆಯಿತೋ ಇಬ್ಬರೂ ಗಮನಿಸಲಿಲ್ಲ. "ಉಂಗುರ ಇದಕ್ಕ ಹಾಕತಾರೇನು?"

ಅವಳು ಎಡಗೈಯ ಉಂಗುರದ ಬೆರಳು ಚಾಚಿದಳು.

"ಸ್ಕೇಲ್ ತೆಗಿ. ಈ ಸಲ ಅಂದಾಜು ನಡೆಯೂದಿಲ್ಲ."