ಉಳ್ಳಾಗಡ್ಡಿ ಸಿಪ್ಪೆಯ ಅಂಗಿ

ಜಾಗ ಒಂದೇ, ಬೇಕಾದವರು ಇಬ್ಬರು. ಹಿಮಾಲಯದ ಬೆಟ್ಟಸಾಲಿನ ನೆತ್ತಿಯನ್ನು ನಾಲ್ಕು ದಿನ ಓಡುತ್ತ ನಡೆಯುತ್ತ ದಾಟುವ ಸ್ಪರ್ಧೆ ಜೂನ್ ತಿಂಗಳಲ್ಲಿತ್ತು. ತಂಡವೆಂದರೆ ಇಬ್ಬರೇ. ಅವರಲ್ಲಿ ಒಬ್ಬರಾದರೂ ಮೊದಲು ಆ ದಾರಿ ದಾಟಿದವರಾಗಿರಬೇಕು. ಇಡೀ ಸೀಮೆಯಲ್ಲಿ ದಾಟಿದವಳು ವಿಜಯಶ್ರೀ ಒಬ್ಬಳೇ, ಹುಮನಾಬಾದಿನ ಶಾಲೆಯೊಂದರ ಆಟದ ಮೇಡಂ. ಅವಳ ಜೊತೆಗಾರರು ಯಾರೆಂಬುದು ಡಿಸೆಂಬರ್‌ನ ಒಂದು ಭಾನುವಾರ ತೀರ್ಮಾನವಾಗಬೇಕಿತ್ತು. ಮುಡಬಿಯಿಂದ ಮಾಣಿಕನಗರಕ್ಕೆ, ರಸ್ತೆ ಬಿಟ್ಟು, ಹಳ್ಳ ದಿಬ್ಬ ಮುಳ್ಳುಕಂಟಿ ದಾಟಿ ಮೂವತ್ತು ಕಿಲೋಮೀಟರಿಗೂ ಮಿಕ್ಕ ದಾರಿ. ಹೊತ್ತು ಮುಳುಗುವುದರೊಳಗೆ ಮುಟ್ಟಬೇಕು.

ಹಿಂದಿನ ದಿನ ಮೂವರೂ ಮನ್ನಾಏಖೇಳ್ಳಿಯಲ್ಲಿ ಸೇರಿದರು, ಗುರುಶಾಂತನ ತೊಗರಿ ಅಂಗಡಿಯಲ್ಲಿ. ಗುರುಶಾಂತ ಇಪ್ಪತ್ತೆಂಟರ ಗಟ್ಟಿಮುಟ್ಟಾದ ಆಳು, ಚೀಲ ಎತ್ತಿ ಎತ್ತಿ ಬೆಳೆದ ಭುಜ. ಇನ್ನೊಬ್ಬಳು ಗಜಾಲಾ. ಬಸವಕಲ್ಯಾಣದಲ್ಲಿ ಆಟೋಗಳಿಗೆ ಹುಡ್ ಹೊಲಿಯುವ ಖಮರುದ್ದೀನ್‌ನ ಮಗಳು. ಎರಡು ವರ್ಷದಿಂದ ದಿನಾ ನಸುಕಿನಲ್ಲಿ ಎದ್ದು ಕೋಟೆಯ ಸುತ್ತ ಓಡುತ್ತಿದ್ದಳು. ಮನೆಯ ಕ್ಯಾಲೆಂಡರಿನಲ್ಲಿ ಜೂನ್ ತಿಂಗಳ ಹಾಳೆಗೆ ಕೆಂಪು ದಾರದಿಂದ ಒಂದು ಟಾಕು, ಒಂದೇ ಹೊಲಿಗೆ, ಹಾಕಿಟ್ಟಿದ್ದಳು.

“ಬೆಟ್ಟದ ಮ್ಯಾಲ ಮನಷ್ಯಾನ್ನ ಕೊಲ್ಲೋದು ಗಾಳಿ,” ಎಂದಳು ವಿಜಯಶ್ರೀ. “ಅಂಗಿ ಮ್ಯಾಲ ಹಾಕ್ಕೊಳ್ಳಾಕ ಒಂದೇ ಒಂದು. ಅದನ್ನ ನೀವೇ ಆರಿಸ್ರಿ. ನಾ ಏನೂ ಹೇಳಂಗಿಲ್ಲ.”

ಗುರುಶಾಂತ ಹೈದರಾಬಾದಿನಿಂದ ತಂದ ಜರ್ಕಿನ್ ತೆಗೆದ. ಹೊರಗೆ ದಪ್ಪ ಬಟ್ಟೆ, ನಡುವೆ ರಬ್ಬರಿನ ಪದರ, ಒಳಗೆ ಕುರಿಮರಿಯ ಮೈಯಂಥ ಮೆತ್ತೆ. ತೊಗರಿ ತೂಗುವ ತಕ್ಕಡಿಗೆ ಹಾಕಿದರೆ ಒಂಬೈನೂರ ನಲವತ್ತು ಗ್ರಾಂ.

“ಮಜಬೂತ್ ಅದ. ಒಳಗ ಗಾಳಿ ಇಲ್ಲ, ನೀರಿಲ್ಲ,” ಎಂದು ಎದೆ ತಟ್ಟಿಕೊಂಡ.

ಗಜಾಲಾ ಮುಷ್ಟಿ ಬಿಚ್ಚಿದಳು. ಅದರೊಳಗಿಂದ ಇಡೀ ಅಂಗಿಯೇ ಹೊರಬಿತ್ತು. ಪ್ಯಾರಾಚೂಟ್ ಬಟ್ಟೆಯ ಒಂದೇ ದೊಗಲೆ ಪದರ, ಒಳಗೆ ಅಸ್ತರಿಲ್ಲ, ತಲೆಗೊಂದು ಟೊಪ್ಪಿಗೆ, ಕುತ್ತಿಗೆಯಿಂದ ಎದೆಯವರೆಗೆ ಅರ್ಧ ಚೈನು, ಮಣಿಕಟ್ಟಿಗೆ ಎಲಾಸ್ಟಿಕ್, ಬೆನ್ನ ಮೇಲೆ ಬೆವರಿನ ಹಬೆ ಹೋಗಲು ಒಂದು ಮುಚ್ಚು ಸೀಳು. ಅವಳೇ ಕತ್ತರಿಸಿ, ಅವಳೇ ಹೊಲಿದದ್ದು. ನೂರಾ ಹತ್ತು ಗ್ರಾಂ.

“ಇದೇನು ಅಂಗಿನೋ, ಉಳ್ಳಾಗಡ್ಡಿ ಸಿಪ್ಪಿನೋ?” ಗುರುಶಾಂತ ಹೊಟ್ಟೆ ಹಿಡಿದುಕೊಂಡು ನಕ್ಕ.

“ನಮ್ಮ ಅಬ್ಬಾನೂ ಹಂಗೇ ಅಂದ್ರು ಅಣ್ಣಾ. ಇದನ್ನ ನೋಡಿದ್ರ ಗಾಳೀನೇ ನಗತದ ಅಂದ್ರು.”

ವಿಜಯಶ್ರೀ ನಗಲಿಲ್ಲ. ಜರ್ಕಿನ್ನಿನ ಒಳಗೆ ಕೈ ಹಾಕಿ ರಬ್ಬರಿನ ಪದರವನ್ನು ಬೆರಳಲ್ಲಿ ಹೊಸಕಿ ನೋಡಿದಳು. ಒಳಗೆ ಬರಲು ಯಾವುದಕ್ಕೂ ಬಿಡದ ಬಟ್ಟೆ ಹೊರಗೆ ಹೋಗಲೂ ಬಿಡುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಬದಲಿಗೆ ಒಂದು ಕಟ್ಟಳೆ ಹಾಕಿದಳು.

“ದಾರ್ಯಾಗ ಯಾರೂ ಯಾರಿಗೂ ತಮ್ಮ ಅಂಗಿ ಕೊಡಂಗಿಲ್ಲ. ಕೊಟ್ಟವರು ಫೇಲ್.”

ಯಾಕೆಂದು ಇಬ್ಬರೂ ಕೇಳಲಿಲ್ಲ. ಮೂರು ವರ್ಷದ ಹಿಂದೆ ಅವಳ ತಮ್ಮ ಶರಣಕುಮಾರ ಅದೇ ಬೆಟ್ಟಸಾಲಿನಲ್ಲಿ, ನಡುಗುತ್ತಿದ್ದ ಅಪರಿಚಿತನೊಬ್ಬನಿಗೆ ತನ್ನ ನೀಲಿ ಗಾಳಿಯಂಗಿ ಬಿಚ್ಚಿಕೊಟ್ಟು, ತಾನು ಸತ್ತಿದ್ದ. ಬದುಕಿದವನು ಆ ಅಂಗಿಯನ್ನು ಮಡಚಿ ತಂದು ಅಕ್ಕನ ಕೈಗಿಟ್ಟು ಹೋಗಿದ್ದ. ಊರಿಗೆಲ್ಲ ಗೊತ್ತಿದ್ದ ಸಂಗತಿ. ಅಂದಿನಿಂದ ವಿಜಯಶ್ರೀ ಯಾರ ಮೇಲೂ ಕರುಣೆ ತೋರಿದ್ದನ್ನು ಶಾಲೆಯ ಮಕ್ಕಳೂ ಕಂಡಿರಲಿಲ್ಲ.

ಭಾನುವಾರ ಬೆಳಗ್ಗೆ ಮುಡಬಿಯಲ್ಲಿ ಆಟೋ ಇಳಿದಾಗ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಸಮುದ್ರದಲ್ಲಿ ವಾಯುಭಾರ ಕುಸಿದಿದೆ ಎಂದು ಎರಡು ದಿನದಿಂದ ಟಿವಿಯಲ್ಲಿ ಬೊಬ್ಬೆ ಹೊಡೆಯುತ್ತಿದ್ದರು. ಬೇಸಿಗೆಯಲ್ಲಿ ತಲೆ ಸಿಡಿಯುವ ಬಿಸಿಲುಂಡ ಈ ಕಡೆಯ ಜನಕ್ಕೆ ಚಳಿಯೆಂದರೆ ತಮಾಷೆ. ಇಲ್ಲಿ ಥಂಡಿಗೆ ಸತ್ತವರನ್ನು ಯಾರೂ ನೋಡಿಲ್ಲ, ಆದ್ದರಿಂದ ಯಾರೂ ಸಾಯುವುದಿಲ್ಲ ಎಂದು ಲೆಕ್ಕ. ಇಂಥ ಧೈರ್ಯವಂತರ ಸೀಮೆಯೆಂದರೆ ಗಾಳಿಗೆ ಭಾರಿ ಅನುಕೂಲ.

ಮೊದಲ ಹತ್ತು ಕಿಲೋಮೀಟರ್ ಸಲೀಸಾಗಿ ಹೋಯಿತು. ಕಪ್ಪು ಹೊಲಗಳಲ್ಲಿ ತೊಗರಿ ಒಣಗಿ ನಿಂತಿತ್ತು, ಕಡಲೆ ಮೊಣಕಾಲುದ್ದ ಬೆಳೆದಿತ್ತು. ಹೊಲ ಮುಗಿದಲ್ಲಿ ನೆಲ ಒಮ್ಮೆಲೇ ಕೆಂಪಾಗಿ, ಸೀಳುಸೀಳಾಗಿ, ಆಳದ ಕೊರಕಲುಗಳಲ್ಲಿ ಇಳಿಯುತ್ತಿತ್ತು. ಆ ಕೊರಕಲುಗಳ ತುಂಬ ಜಾಲಿ, ಕಾರಿಕಂಟಿ, ಮಳೆಗಾಲದ ನೀರು ಕೊರೆದು ಬಿಟ್ಟ ಬಂಡೆಗಳು. ಆಚೆ ದಂಡೆಯ ಮೇಲೆ ಮರವಿಲ್ಲದ ಬೋಳು ಬಯಲು ಮೈಲಿಗಟ್ಟಲೆ ಮಲಗಿತ್ತು. ಅದರ ಮೇಲೆ ಗಾಳಿಯನ್ನು ತಡೆಯುವಂಥದ್ದು ಒಂದು ಕಲ್ಲುಗುಡ್ಡೆಯೂ ಇರಲಿಲ್ಲ.

ಕೊರಕಲುಗಳ ಏರಿಳಿತ ಶುರುವಾಯಿತು. ಗಜಾಲಾ ಅಂಗಿ ಬಿಚ್ಚಿ ಮುಷ್ಟಿಗಾತ್ರ ಮಾಡಿ ಚೀಲದ ಜೇಬಿಗೆ ತುರುಕಿದಳು. ವಿಜಯಶ್ರೀಯೂ ತನ್ನದನ್ನು ಬಿಚ್ಚಿದಳು. ಗುರುಶಾಂತನ ಜರ್ಕಿನ್ ಚೀಲದಲ್ಲಿ ಹಿಡಿಸಲಿಲ್ಲ. ಸೊಂಟಕ್ಕೆ ಕಟ್ಟಿದರೆ ಮುಳ್ಳಿಗೆ ಸಿಕ್ಕಿಕೊಳ್ಳುತ್ತಿತ್ತು. ಹಾಕಿಕೊಂಡೇ ಹತ್ತಿದ.

“ಒಳಗ ಬಾಯ್ಲರ್ ಆಗ್ಯಾದ,” ಎಂದು ಏದುಸಿರಲ್ಲೇ ನಕ್ಕ.

ಕೊನೆಯ ಕೊರಕಲಿನ ತಳದಲ್ಲಿ ಹಳ್ಳ ಸೊಂಟಮಟ್ಟ ಹರಿಯುತ್ತಿತ್ತು. ಗಜಾಲಾ ಚೀಲ ತಲೆಯ ಮೇಲಿಟ್ಟು ದಾಟಿದಳು. ಗುರುಶಾಂತ ನುಗ್ಗಿದ. ಜಾರಿದ. ಎದೆಯವರೆಗೆ ಮುಳುಗಿ ಎದ್ದ. ಜರ್ಕಿನ್ನಿನ ಕುತ್ತಿಗೆಯಿಂದ ಹೊಕ್ಕ ನೀರನ್ನು ಒಳಗಿನ ಮೆತ್ತೆ ಹೀರಿಕೊಂಡಿತು. ರಬ್ಬರು ಅದನ್ನು ಹೊರಗೆ ಬಿಡಲಿಲ್ಲ.

ಬಯಲಿನ ಮೇಲೆ ಕಾಲಿಟ್ಟಾಗ ಗಾಳಿ ಎದುರು ನಿಂತಿತ್ತು.

ಜಿಟಿಜಿಟಿ ಹನಿ ಅಡ್ಡಡ್ಡ ಬಡಿಯತೊಡಗಿತು. ಗಜಾಲಾ ಸಿಪ್ಪೆ ತೆಗೆದು ಏರಿಸಿಕೊಂಡು ಟೊಪ್ಪಿಗೆ ಬಿಗಿದಳು. ಬಟ್ಟೆ ಪಟಪಟ ಬಡಿದುಕೊಂಡಿತು, ಒಳಗೆ ಮೈ ಬೆಚ್ಚಗಾಯಿತು. ಹನಿ ನಿಂತ ಹತ್ತು ನಿಮಿಷಕ್ಕೆ ಅಂಗಿ ಒಣಗಿತು. ತಾನು ಹೊಲಿದದ್ದು ಸರಿಯಾಗಿದೆ ಎಂದು ಅವಳಿಗೆ ಎಂಥ ಖುಷಿಯಾಯಿತೆಂದರೆ, ಹಿಂದೆ ಬರುತ್ತಿದ್ದವನನ್ನು ಅರ್ಧ ಗಂಟೆ ಮರೆತೇಬಿಟ್ಟಳು.

ತಿರುಗಿ ನೋಡಿದಾಗ ಗುರುಶಾಂತ ಕುಳಿತಿದ್ದ.

“ಕಾಲು ಏಳವಲ್ಲವು,” ಎಂದ. “ನೀವು ನಡೀರಿ. ನಾ... ಜರಾ... ಮಕ್ಕೋತೀನಿ.”

ಮಾತು ತೊದಲುತ್ತಿತ್ತು. ತುಟಿ ನೇರಳೆಯಾಗಿತ್ತು. ಮೈ ನಡುಗುತ್ತಿತ್ತು, ನೋಡನೋಡುತ್ತಿದ್ದಂತೆ ನಡುಕ ನಿಂತಿತು. ನಡುಕ ನಿಂತದ್ದೇ ಹೆಚ್ಚು ಭಯಂಕರ; ಮೈ ಕಾವು ಹುಟ್ಟಿಸುವುದನ್ನೇ ಬಿಟ್ಟಿತ್ತು.

“ಮೇಡಂ! ಇಲ್ಲಿ ಬರ್ರಿ ಜಲ್ದಿ!”

ವಿಜಯಶ್ರೀ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಳು. ಕೈಗಡಿಯಾರ ನೋಡಿದಳು. “ಇನ್ನೂ ಒಂಬತ್ತು ಕಿಲೋಮೀಟರ್ ಅದ. ಎಬ್ಬಿಸಿ ನಡಸು.”

“ಏಳೋ ಸ್ಥಿತಿಯಾಗ ಇಲ್ರಿ ಅವ!”

“ಹಂಗಾದ್ರ ಜರ್ಕಿನ್ ಆರಿಸಿದವರು ಯಾರು? ನಾನೇನು?”

ಗಜಾಲಾ ಮೊಬೈಲ್ ತೆಗೆದಳು. ಸಿಗ್ನಲಿನ ಒಂದು ಗೆರೆಯೂ ಇರಲಿಲ್ಲ. ಐವತ್ತು ಹೆಜ್ಜೆ ಆಚೆ, ಬಯಲು ಇನ್ನೊಂದು ಕೊರಕಲಿಗೆ ಇಳಿಯುವಲ್ಲಿ, ಬಂಡೆಯೊಂದು ಕೆಳಗೆ ಟೊಳ್ಳು ಬಿಟ್ಟು ಮುಂದಕ್ಕೆ ಚಾಚಿತ್ತು. ಗುರುಶಾಂತನ ಕಂಕುಳಲ್ಲಿ ಕೈ ಕೊಟ್ಟು ಎಳೆದಳು. ಎಂಬತ್ತು ಕಿಲೋದ ಆಳು. ಎಳೆದಳು, ಬಿದ್ದಳು, ಮತ್ತೆ ಎಳೆದಳು. ವಿಜಯಶ್ರೀ ಕೈ ಹಚ್ಚಲಿಲ್ಲ.

ಜರ್ಕಿನ್ನಿನ ಚೈನು ಇಳಿಸಿ ತೋಳು ಕೊಡವಿದಾಗ ನೀರು ದರದರ ಸುರಿಯಿತು. ಒಳಗಿನ ಹತ್ತಿ ಬನಿಯನ್ ಮೈಗೆ ಅಂಟಿತ್ತು. ಹರಿದು ತೆಗೆದಳು.

“ಗಜಾಲಾ,” ಹಿಂದಿನಿಂದ ದನಿ ಬಂತು. “ನಿನ್ನ ಅಂಗಿ ಬಿಚ್ಚಿದ್ರ ಜೂನ್ ಮರತಬಿಡು.”

ಕೆಂಪು ದಾರದ ಟಾಕು ಅವಳ ಕಣ್ಣ ಮುಂದೆ ಬಂತು. ಸುಳ್ಳೇಕೆ, ಒಂದು ಗಳಿಗೆ ಅವಳ ಕೈ ಚೈನಿನ ಮೇಲೆಯೇ ನಿಂತಿತು. ಈ ಒಂದು ಗಳಿಗೆಗಾಗಿ ಅವಳು ತನ್ನನ್ನು ತಾನು ಎಂದೂ ಕ್ಷಮಿಸಲಿಲ್ಲ. ಆಮೇಲೆ ಚೈನು ಎಳೆದಳು.

ಬಂಡೆಯ ಕೆಳಗೆ ಕುರಿಗಾರರು ಹಾಸಿ ಬಿಟ್ಟುಹೋದ ಒಣಹುಲ್ಲು ಬಿದ್ದಿತ್ತು. ಸಿಪ್ಪೆಯನ್ನು ಗುರುಶಾಂತನ ಬರಿಮೈಗೆ ತೊಡಿಸಿ, ಆ ಹುಲ್ಲನ್ನು ಬಾಚಿ ಬಾಚಿ ಅಂಗಿಯೊಳಗೆ ತುರುಕಿದಳು. ಎದೆ, ಬೆನ್ನು, ತೋಳು, ಎಲ್ಲ ಕಡೆ. ಹೊಲಿಗೆಗಳು ಕಿರುಗುಟ್ಟಿದವು, ಬಿಚ್ಚಲಿಲ್ಲ. ಅಬ್ಬಾ ಕಲಿಸಿದ ಜೋಡಿ ಹೊಲಿಗೆ. ಶೇಂಗಾ ಉಂಡಿ ಪುಡಿ ಮಾಡಿ ಬಾಯಿಗೆ ಹಾಕಿದಳು. ನುಂಗದಿದ್ದಾಗ ಕೆನ್ನೆಗೆ ರಪ್ಪನೆ ಬಾರಿಸಿದಳು.

“ನುಂಗು ಅಣ್ಣಾ! ನುಂಗಲಿಲ್ಲಂದ್ರ ಇನ್ನೊಂದು ಕೊಡ್ತೀನಿ!”

ನುಂಗಿದ. ಅರ್ಧ ಗಂಟೆಯ ಮೇಲೆ ಮತ್ತೆ ನಡುಗತೊಡಗಿದ. ಆ ನಡುಕ ನೋಡಿ ಗಜಾಲಾ ಅತ್ತುಬಿಟ್ಟಳು.

ಅವಳಿಗೆ ಉಳಿದದ್ದು ಜರ್ಕಿನ್. ಹಿಂಡಿದಳು, ಹಾಕಿಕೊಂಡಳು. ಹಸಿ ಹೆಣವನ್ನು ಮೈಮೇಲೆ ಹೊತ್ತಂತಿತ್ತು. ಗುರುಶಾಂತನ ಕೈಯನ್ನು ಹೆಗಲ ಮೇಲೆ ಹಾಕಿಕೊಂಡು ಒಂಬತ್ತು ಕಿಲೋಮೀಟರ್ ನಡೆದಳು. ಮೊದಲು ಬೆರಳು ಮರಗಟ್ಟಿದವು, ಆಮೇಲೆ ಪಾದ. ಎರಡು ಸಲ ಇಬ್ಬರೂ ಕೂಡಿಯೇ ಬಿದ್ದರು. ಮುಂದೆ ನಡೆಯುತ್ತಿದ್ದ ವಿಜಯಶ್ರೀ ಅವರು ಬಿದ್ದಾಗಲೆಲ್ಲ ನಿಲ್ಲುತ್ತಿದ್ದಳು. ತಿರುಗುತ್ತಿರಲಿಲ್ಲ. ಅವಳ ಒಂದು ಕೈ ಬೆನ್ನ ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು.

ಹೊತ್ತು ಮುಳುಗಲು ಇನ್ನೂ ಕಾಲು ಗಂಟೆ ಇರುವಾಗ ಮಾಣಿಕನಗರದ ಮೊದಲ ಅಂಗಡಿ ಕಂಡಿತು.

ಅದು ಮಾಣಿಕಮ್ಮನ ಚಹಾದಂಗಡಿ. ಅಂಗಿಯ ತುಂಬ ಹುಲ್ಲು ತುಂಬಿಕೊಂಡು ಬಂದವನನ್ನು ಅವಳು ಬೆದರುಗೊಂಬೆಯನ್ನು ನೋಡಿದಂತೆ ನೋಡಿ, “ಇದೇನು ಅವತಾರ ಯಪ್ಪಾ!” ಎಂದು ಒಲೆಯ ಪಕ್ಕಕ್ಕೇ ಕೂಡಿಸಿದಳು. ಗಜಾಲಾಳ ಕೈಯಲ್ಲಿ ಚಹಾದ ಕಪ್ ನಿಲ್ಲಲಿಲ್ಲ. ಹಲ್ಲು ಕಟಕಟ ಕಡಿಯುತ್ತಿದ್ದವು. ಒರೆಸಿಕೊಳ್ಳಲು ಟವೆಲು ಕೊಡೋಣವೆಂದು ವಿಜಯಶ್ರೀ ಚೀಲ ಬಿಚ್ಚಿದಳು. ಟವೆಲಿನ ಜೊತೆ ಮುಷ್ಟಿಗಾತ್ರದ ನೀಲಿ ಗಂಟೊಂದು ಉರುಳಿ ಗಜಾಲಾಳ ಕಾಲ ಬಳಿ ಬಿತ್ತು.

ಗಜಾಲಾ ಅದನ್ನು ನೋಡಿದಳು. ಏನೆಂದು ಕೇಳುವುದು ಬೇಕಿರಲಿಲ್ಲ.

“ಇದು ಚೀಲದಾಗ ಇತ್ತೇನ್ರಿ ಮೇಡಂ?”

“ಇತ್ತು.”

“ಅವ ಆ ಬಂಡೆಗಲ್ಲಿನ ಕೆಳಗ ಸಾಯಾಕತ್ತಿದಾಗ?”

“ಇತ್ತು. ಅವನ ಹಾಲತ್ ಇನ್ನೂ ಕೆಟ್ಟಿದ್ರ ತೆಗೀತಿದ್ದೆ.”

“ಇನ್ನೂ ಕೆಟ್ಟದ್ದು ಅಂದ್ರ ಯಾವುದ್ರಿ?”

ವಿಜಯಶ್ರೀ ಟವೆಲನ್ನು ಗಜಾಲಾಳ ತೊಡೆಯ ಮೇಲಿಟ್ಟಳು. “ಮೂರು ಸಲ ಚೀಲಕ್ಕ ಕೈ ಹಾಕಿದೆ,” ಎಂದಳು. “ಕೈ ಬರಲಿಲ್ಲ. ಅದು ನನ್ನ ತಮ್ಮಂದು. ಕೊಟ್ಟೇ ಸತ್ತ ಅವ. ಮತ್ತ ಅದನ್ನೇ ಕೊಡು ಅಂದ್ರ ಹ್ಯಾಂಗ ಕೊಡಲಿ?”

ಮಾಣಿಕಮ್ಮನ ಒಲೆಯಲ್ಲಿ ಚಹಾ ಉಕ್ಕಿತು.

“ಕಟ್ಟಳೆ ಬಿಡು,” ಎಂದಳು ವಿಜಯಶ್ರೀ ಕೊನೆಗೆ. “ಜೂನ್‌ದಾಗ ನೀನೇ ಬಾ. ಬಟ್ಟಿ ಆರಿಸೋ ಬುದ್ಧಿ ನಿನಗದ.”

ಎರಡು ವರ್ಷ ಗಜಾಲಾ ಕಾದದ್ದು ಈ ಮಾತಿಗೆ.

“ಬರಂಗಿಲ್ರಿ,” ಎಂದಳು.

“ಯಾಕ?”

“ಬೆಟ್ಟದ ಮ್ಯಾಲ ನಾ ಮುದುಡಿ ಕುಂತ್ರ ಈ ಗುರುಶಾಂತಣ್ಣ ತನ್ನ ಅಂಗಿ ಬಿಚ್ಚಿ ಕೊಡತಾನ. ದಡ್ಡ ಇದ್ದಾನ, ಖರೆ, ಆದ್ರೂ ಕೊಡತಾನ. ನೀವು ಗಡಿಯಾರ ನೋಡತೀರಿ.”

ವಿಜಯಶ್ರೀ ಕೂತಲ್ಲಿಂದ ಎದ್ದಳು. ಬಗ್ಗಿ ನೀಲಿ ಗಂಟನ್ನು ಎತ್ತಿಕೊಂಡಳು. ಮೂರು ವರ್ಷದಿಂದ ಮಡಚಿದ್ದ ಗೆರೆಗಳು ಬಿಳಿಯಾಗಿ ಕುಳಿತಿದ್ದವು. ಅದನ್ನು ಬಿಚ್ಚಿ, ಗಜಾಲಾಳ ಮೈಮೇಲಿದ್ದ ಹಸಿ ಜರ್ಕಿನ್ ತೆಗೆದು, ತಮ್ಮನ ಅಂಗಿಯನ್ನು ಅವಳಿಗೆ ತೊಡಿಸಿದಳು. ಕುತ್ತಿಗೆಯವರೆಗೆ ಚೈನು ಎಳೆದಳು. ಗಜಾಲಾ ಬೇಡವೆನ್ನಲಿಲ್ಲ. ಅಂಗಿ ಬೆಚ್ಚಗಿತ್ತು. ಆದರೆ ಕೊಟ್ಟ ಉತ್ತರವನ್ನು ಬದಲಿಸಲಿಲ್ಲ, ಮತ್ತು ವಿಜಯಶ್ರೀ ಎರಡನೇ ಸಲ ಕೇಳಲೂ ಇಲ್ಲ.

ಒಲೆಯ ಪಕ್ಕದಿಂದ ಗುರುಶಾಂತ ಕೆಮ್ಮಿದ. ಕಾಲರಿನಿಂದ ಹುಲ್ಲಿನ ಎಸಳೊಂದನ್ನು ಎಳೆದು ನೋಡಿದ.

“ತಂಗೀ, ಇಂಥಾದೊಂದು ಸಿಪ್ಪಿ ನನಗೂ ಹೊಲದು ಕೊಡ್ತೀ ಏನು?”

ಗಜಾಲಾ ಚೀಲದ ತಳದಿಂದ ಅಳತೆಯ ಟೇಪು ತೆಗೆದಳು. ಬೆರಳುಗಳಿಗೆ ಇನ್ನೂ ಜೀವ ಬಂದಿರಲಿಲ್ಲ. ಟೇಪು ಎರಡು ಸಲ ಜಾರಿ ಬಿತ್ತು. ಮೂರನೇ ಸಲ ಅವನ ಎದೆಯ ಸುತ್ತ ಹಾಕಿ ಹಿಡಿದಳು. ಗುರುಶಾಂತ ಹುಡುಗಿಯ ಮುಂದೆ ದೊಡ್ಡವನಾಗಿ ಕಾಣಲು ಎದೆ ಉಬ್ಬಿಸಿ ಕೂತ.

“ಉಸರು ಬಿಡು ಅಣ್ಣಾ,” ಎಂದಳು. “ಹಿಡದು ಕುಂತ್ರ ಅಳತಿ ತಪ್ತದ.”